ಹಳಿಗೆ ಮೊಳೆ ಹೊಡೆಯುವ ಮುನ್ನ

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡ ಮನೆಗಳ ತಾಯಿ-ತಂದೆಯರಿಗೆ,



ನಿಮ್ಮಲ್ಲಿ ಕೆಲವರ ಮನೆಗೆ ಈಗಾಗಲೇ ರೈಲು ಬಂದಿದೆ. ಪುಣೆಯಲ್ಲಿ ನೌಕರಿ ಮಾಡುವ ಕಾಕಾ ಇಲ್ಲವೇ ಹೈದರಾಬಾದಿನ ಮಾಮಾ ಒಂದು ಪೆಟ್ಟಿಗೆ ತಂದುಕೊಟ್ಟು ಹೋಗಿದ್ದಾರೆ. ಒಳಗೆ ಒಂದು ಎಂಜಿನ್ನು, ಮೂರ್ನಾಲ್ಕು ಡಬ್ಬಿ, ದುಂಡಗೆ ಕೂಡಿಸುವ ಹಳಿ, ಪುಟ್ಟದೊಂದು ಟ್ರಾನ್ಸ್‌ಫಾರ್ಮರ್. ನಡುಮನೆಯ ಶಹಾಬಾದಿ ಫರಸಿಯ ಮೇಲೆ ಕೆಲವು ದಿನ ಓಡಿಸಿದ ಮೇಲೆ ಮಗು ಕೇಳಿಯೇ ಕೇಳುತ್ತದೆ: "ಅಪ್ಪಾ, ಇದಕ್ಕೊಂದು ಖಾಯಂ ಜಾಗಾ ಮಾಡಿಕೊಡು." ಕಸ ಗುಡಿಸುವಾಗಲೆಲ್ಲ ಹಳಿ ಎತ್ತಿ ಬೇಸತ್ತ ಅವ್ವನೂ ಅದನ್ನೇ ಹೇಳುತ್ತಾಳೆ. ನೀವು ಬಡಿಗನನ್ನು ಕರೆಸಿ, ಮೇಲಿನ ಕೋಣೆಯಲ್ಲಿ ದೊಡ್ಡದೊಂದು ಪ್ಲೈವುಡ್ ಹಾಳೆ ಕೂಡಿಸಿ, ಮೊಳೆ ಹೊಡೆಸುತ್ತೀರಿ.

ಆ ಮೊಳೆಗೆ ಮುಂಚೆ ನನ್ನ ಮಾತು ಕೇಳಿರೆಂದು ಈ ಪತ್ರ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಡೆಯ ಮನೆಗಳಲ್ಲಿ ಎತ್ತಿಡಲು ಬರುವ ರೈಲೇ ಬಾಳುತ್ತದೆ. ಖಾಯಂ ರೈಲು ನಾಲ್ಕೈದು ವರ್ಷದಲ್ಲಿ ಗುಜರಿ ಸೇರುತ್ತದೆ.

ನಾನು ಉದಗೀರದವನು. ಬೀದರದಲ್ಲಿ ಕನ್ನಡ ಓದಿ, ಈ ಕಡೆಯ ಮರಾಠಿ ಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದೆ. ಪತ್ರವನ್ನು ಮಕ್ಕಳಿಗೆ ಬರೆಯದೆ ನಿಮಗೆ ಬರೆಯುತ್ತಿರುವುದಕ್ಕೆ ಕಾರಣ ಎರಡು. ದುಡ್ಡು ನಿಮ್ಮದು; ಮತ್ತು ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಮುತ್ಯಾನ ಜೊತೆ ಆಡುವಷ್ಟು ಕನ್ನಡ ಬರುತ್ತದೆ, ಅಕ್ಷರ ಬರುವುದಿಲ್ಲ. ಓದಿ ಹೇಳುವ ಕೆಲಸವನ್ನೂ ನೀವೇ ಮಾಡಬೇಕು.

ಮೊದಲು ನಿಮ್ಮ ಮಗುವಿನ ಹುಚ್ಚನ್ನು ಹುಚ್ಚೆನ್ನಬೇಡಿ. ಉದಗೀರ ಸ್ಟೇಶನ್ನಿನಲ್ಲಿ ನಿಂತರೆ ಒಂದು ದಿಕ್ಕಿಗೆ ಕಮಲನಗರ, ಭಾಲ್ಕಿ, ಬೀದರ. ಇನ್ನೊಂದು ದಿಕ್ಕಿಗೆ ಲಾತೂರ ರೋಡ್, ಪರಳಿ. ನಿಜಾಮರ ಕಾಲದ ಆ ಹಳಿಯ ಮೇಲೆ ಇವತ್ತು ಯಶವಂತಪುರದ ಗಾಡಿಯೂ ಬರುತ್ತದೆ. 2017ರಲ್ಲಿ ಬೀದರ-ಕಲಬುರಗಿ ಹಳಿ ಕೂಡಿಕೊಂಡ ಮೇಲೆ ನಮಗೆ ಕಲಬುರಗಿಯೂ ಹತ್ತಿರವಾಯಿತು. ಲಾತೂರದಲ್ಲಿ ರೈಲು ಡಬ್ಬಿ ಕಟ್ಟುವ ಕಾರ್ಖಾನೆಯೇ ಎದ್ದಿದೆ. 2018ರಲ್ಲಿ ಅಡಿಗಲ್ಲು ಬಿತ್ತು, 2020ರ ಡಿಸೆಂಬರಿನಲ್ಲಿ ಮೊದಲ ಡಬ್ಬಿಯ ಕವಚ ಹೊರಬಂತು. ನಿಲಂಗಾ ಮತ್ತು ಉಮರ್ಗಾದವರಿಗೆ ಮಾತ್ರ ಊರಲ್ಲಿ ಹಳಿಯೇ ಇಲ್ಲ. ಅಲ್ಲಿಯ ಹುಡುಗರ ರೈಲಿನ ಆಸೆ ಉದಗೀರದವರಿಗಿಂತ ಒಂದು ತೂಕ ಹೆಚ್ಚೇ ಇರುವುದನ್ನು ನಾನು ಎರಡೂ ಕಡೆ ಪಾಠ ಮಾಡಿದಾಗ ಕಂಡಿದ್ದೇನೆ.

ಖಾಯಂ ಮಾದರಿಯ ಪರವಾಗಿ ಹೇಳಬೇಕಾದದ್ದನ್ನು ಹೇಳದೆ ಹೋದರೆ ಅನ್ಯಾಯವಾದೀತು. ಒಂದೇ ಕಡೆ ಕೂತ ಹಳಿ ಅಲುಗುವುದಿಲ್ಲ. ತಂತಿಯ ಜೋಡಣೆ ಬಿಡುವುದಿಲ್ಲ, ಗುಡ್ಡದ ಬಣ್ಣ ಉದುರುವುದಿಲ್ಲ, ಗಾಡಿಯ ತಿರುವು ವಿಶಾಲವಾಗಿರುತ್ತದೆ. ಪುಣೆಗೆ ಹೋದಾಗ ಕೋಥರೂಡದಲ್ಲಿ ಜೋಶಿಯವರ ಪುಟ್ಟ ರೈಲುಗಳ ಸಂಗ್ರಹಾಲಯ ನೋಡಿಬನ್ನಿ. ಭಾವುಸಾಹೇಬ ಜೋಶಿಯವರು ಮೊದಮೊದಲು ಬಿಚ್ಚಿ ಜೋಡಿಸುವ ಮಾದರಿಗಳನ್ನು ಪ್ರದರ್ಶನಗಳಿಗೆ ಒಯ್ಯುತ್ತಿದ್ದರು. ಹೊತ್ತು ತಿರುಗುವ ಕಷ್ಟ ಉಂಡವರಾದ್ದರಿಂದ ಒಂದೇ ಕಡೆ ನೆಲೆಯೂರಿಸಿದರು; 1998ರಲ್ಲಿ ಅದು ಜನರಿಗೆ ತೆರೆಯಿತು. ಹಗಲು ಇರುಳಾಗಿ ದೀಪ ಹತ್ತುವ ಊರು, ಅದರ ನಡುವೆ ಸಿಗ್ನಲ್ ನೋಡಿ ನಿಲ್ಲುವ ಗಾಡಿಗಳು. ಅಂಥದ್ದು ಖಾಯಂ ಆಗಿಯೇ ಆಗಬೇಕು. ಆದರೆ ಅದಕ್ಕೆಂದೇ ಕಟ್ಟಡವಿದೆ, ನೋಡಿಕೊಳ್ಳಲು ಜನರಿದ್ದಾರೆ, ನೋಡಲು ಬರುವವರಿಂದ ಟಿಕೆಟಿನ ದುಡ್ಡು ಬರುತ್ತದೆ. ನಿಮ್ಮ ಮೇಲಿನ ಕೋಣೆಯಲ್ಲಿ ಇವು ಮೂರೂ ಇಲ್ಲ.

ಮನೆಯೊಳಗಿನ ಖಾಯಂ ರೈಲಿನ ಕಥೆಯೂ ಒಂದಿದೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಆ್ಯಲನ್ ಎಂಬಾತ ಮನೆಯ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಕಟ್ಟಿದ ರೈಲು ಈ ಹವ್ಯಾಸದವರೆಲ್ಲ ಹೆಸರೆತ್ತುವಂಥದ್ದು. ನೆಲದಿಂದ ಮೇಲಿನವರೆಗೆ ಬೆಟ್ಟಗಳನ್ನೇ ನಿಲ್ಲಿಸಿದ್ದ. 1973ರ ಜನವರಿಯಲ್ಲಿ ಆತ ತೀರಿಕೊಂಡ. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಬಹುತೇಕ ಎಲ್ಲ ಹೋಯಿತು. ಬೆಂಕಿ ಬೀಳದಿದ್ದರೂ ಆ ಬೆಟ್ಟಗಳನ್ನು ಯಾವ ಬಾಗಿಲಿನಿಂದ ಹೊರಗೆ ತರುತ್ತಿದ್ದರು?

ಇನ್ನು ನಮ್ಮ ಮನೆಗಳಿಗೆ ಬರೋಣ. ನಮ್ಮಲ್ಲಿ ಕೋಣೆ ಎಂಬುದು ಯಾರೊಬ್ಬರದೂ ಅಲ್ಲ. ಸುಗ್ಗಿಗೆ ತೊಗರಿ ಚೀಲ, ಬೇಸಿಗೆಗೆ ಬೀಗರು, ಭಾದ್ರಪದಕ್ಕೆ ಮಹಾಲಕ್ಷ್ಮಿ. ನಿಲಂಗಾದ ನನ್ನ ಸಂಬಂಧಿಕರೊಬ್ಬರ ಮನೆಯಲ್ಲಿ ಮಗನಿಗೆಂದು ಮಾಡಿಸಿದ ರೈಲು ಕೋಣೆಯ ಅರ್ಧ ತುಂಬಿತ್ತು. ಪಿಒಪಿಯ ಗುಡ್ಡ, ಸುರಂಗ, ಕೆಳಗೆ ಬಲೆಬಲೆಯಾಗಿ ತಂತಿ. ಹುಡುಗ ಹತ್ತನೆಯ ಇಯತ್ತೆ ಮುಗಿಸಿ ಲಾತೂರಕ್ಕೆ ಹೋದ. ಮರುಬೇಸಿಗೆಗೆ ಅಕ್ಕನ ಲಗ್ನ ಕೂಡಿಬಂತು. ಬೀಗರಿಗೆ ಇಳಿದುಕೊಳ್ಳಲು ಕೋಣೆ ಬೇಕು, ರೈಲು ಬಾಗಿಲು ದಾಟದು. ಕಡೆಗೆ ಬಡಿಗ ಗರಗಸ ತಂದು ನಾಲ್ಕು ತುಂಡು ಮಾಡಿದ. ನಾನು ಅಲ್ಲೇ ನಿಂತಿದ್ದೆ. ಗುಡ್ಡದ ಪಿಒಪಿ ಹಿಟ್ಟಿನಂತೆ ಸುರಿಯಿತು, ಹಳಿಗಳು ಸೆಟೆದು ನಿಂತವು. ತುಂಡುಗಳು ಅಟ್ಟ ಸೇರಿ, ಒಂದೆರಡು ಮಳೆಗಾಲ ಕಂಡು, ಗುಜರಿಯವನ ಗಾಡಿ ಹತ್ತಿದವು. ಯಾರದ್ದೂ ತಪ್ಪಲ್ಲ. ಮದುವೆ ಮಾಡದಿರಲು ಆಗುತ್ತದೆಯೇ?

ಹುಡುಗ ಲಾತೂರಕ್ಕೆ ಹೋದ ಎಂದೆ. ಇಲ್ಲಿನ ಪ್ರತಿ ಮನೆಗೂ ಗೊತ್ತಿರುವ ಮಾತಿದು. ಹತ್ತನೆಯ ಇಯತ್ತೆ ಮುಗಿಯಿತೆಂದರೆ ಲಾತೂರ ಪ್ಯಾಟರ್ನಿನ ಕೋಚಿಂಗ್ ಕ್ಲಾಸುಗಳು, ಬಾಡಿಗೆಯ ಕೋಣೆ, ಮೆಸ್ಸಿನ ಡಬ್ಬಿ. ಆಮೇಲೆ ಪುಣೆ, ಹೈದರಾಬಾದ್, ಬೆಂಗಳೂರು. ನಮ್ಮ ಮಕ್ಕಳು ಹದಿನಾರಕ್ಕೆ ಮನೆ ಬಿಡುತ್ತಾರೆ. ಹದಿಮೂರನೆಯ ವಯಸ್ಸಿಗೆ ಖಾಯಂ ರೈಲು ಕಟ್ಟಿಕೊಡುವುದೆಂದರೆ ಮೂರು ವರ್ಷದ ಆಟಕ್ಕೆ ಮನೆಯ ಒಂದು ಗೋಡೆ ಬರೆದುಕೊಟ್ಟಂತೆ. ಮೂರಡಿಯ ಹಲಗೆಯಾದರೆ ಅದು ಅವನ ಬೆನ್ನಿಗೆ ಲಾತೂರಕ್ಕೂ ಬಂದೀತು, ಹಾಸ್ಟೆಲಿನ ಮಂಚದ ಕೆಳಗೂ ಹಿಡಿದೀತು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ನಿಜ. ರೈಲು ಗಂಡುಹುಡುಗರ ಆಟವೆಂದು ಯಾರು ಹೇಳಿದರೋ ತಿಳಿಯದು. ನನ್ನ ತರಗತಿಗಳಲ್ಲಿ ಸರ್ಕಿಟ್ಟು ನೀಟಾಗಿ ಕೂಡಿಸುತ್ತಿದ್ದವರು ಹೆಚ್ಚಾಗಿ ಹುಡುಗಿಯರೇ. ನಮ್ಮ ಓಣಿಯ ಒಬ್ಬಳು ಎರಡು ಹಲಗೆಯ ಮೇಲೆ ಸಣ್ಣದೊಂದು ಸ್ಟೇಶನ್ ಕಟ್ಟಿಕೊಂಡಿದ್ದಳು. ಭಾಲ್ಕಿಗೆ ಕೊಟ್ಟರು. ತಿಜೋರಿ, ಪಾತ್ರೆಪಗಡೆಯ ಜೊತೆ ಆ ಎರಡು ಹಲಗೆಯೂ ಚಾದರಿನಲ್ಲಿ ಸುತ್ತಿಕೊಂಡು ಹೋದವು. ಗೋಡೆಗೆ ಹೊಡೆದ ರೈಲು ಯಾವತ್ತೂ ತವರಿನಲ್ಲೇ, ಅಣ್ಣನ ಪಾಲಿಗೆ ಉಳಿಯುತ್ತದೆ. ಆಸ್ತಿಯ ಮಾತು ಬಿಡಿ, ಆಟಿಕೆಯಾದರೂ ಅವಳ ಜೊತೆ ಹೋಗಲಿ.

ಗೋಡೆಯ ಮಾತು ಬಂದದ್ದಕ್ಕೆ ಇನ್ನೊಂದು. ಕೋಣೆಯ ನಾಲ್ಕೂ ಗೋಡೆಗೆ ಎತ್ತರದಲ್ಲಿ ಹಲಗೆ ಹೊಡೆದು ರೈಲು ಸುತ್ತಿಸುವ ಪದ್ಧತಿಯೊಂದಿದೆ. ಚಿತ್ರದಲ್ಲಿ ನೋಡಲು ಸೊಗಸು. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪವನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಕಿಲ್ಲಾರಿಯಲ್ಲಿ, ಉಮರ್ಗಾ ತಾಲೂಕಿನ ಹಳ್ಳಿಗಳಲ್ಲಿ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ ಮತ್ತು ಭಾರದ ಮಣ್ಣು ಮಾಳಿಗೆ. ಹಿಂದಿನ ದಿನ ಗಣಪತಿ ಕಳಿಸಿ ಮಲಗಿದ್ದವರು ಅವರು. ಇವತ್ತಿಗೂ ಅಂಥ ಹಳೇ ಗೋಡೆಯ ಮನೆಯಲ್ಲಿದ್ದರೆ ಮಗು ಮಲಗುವ ತಲೆಯ ಮೇಲೆ ರೈಲು ಹಲಗೆ ಇರಲಿ, ದೇವರ ಫೋಟೋ ಬಿಟ್ಟು ಬೇರೇನೂ ತೂಗುಹಾಕಬೇಡಿರೆಂದು ಕೈಮುಗಿದು ಕೇಳುತ್ತೇನೆ.

ಹಾಗಾದರೆ ಎತ್ತಿಡುವ ರೈಲು ಮಾಡುವುದು ಹೇಗೆ? ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಮನೆಯೊಳಗೆ ಒಂದು ಸುತ್ತು ಹಾಕಿ. ಮಂಚದ ಕೆಳಗಿನ ಎತ್ತರ, ಜೀನೆಯ ತಿರುವು, ಕಪಾಟಿನ ಮೇಲಿನ ಜಾಗ ಅಳೆಯಿರಿ. ಎಸ್‌ಟಿ ಬಸ್ಸಿನ ಸಾಮಾನು ಇಡುವ ಕಟ್ಟೆಯನ್ನೂ ಕಣ್ಣಳತೆಯಲ್ಲಿ ನೋಡಿಕೊಳ್ಳಿ. ನನ್ನ ಅನುಭವದಲ್ಲಿ ಮೂರಡಿ ಉದ್ದ, ಒಂದೂಕಾಲು ಅಡಿ ಅಗಲದ ಹಲಗೆ ಇವೆಲ್ಲಕ್ಕೂ ಹಿಡಿಯುತ್ತದೆ. ಹನ್ನೆರಡು ವರ್ಷದ ಮಗು ತಾನೇ ಎತ್ತುತ್ತದೆ. 8×4 ಅಡಿಯ ಇಡೀ ಹಾಳೆಯನ್ನು ಇಬ್ಬರು ದೊಡ್ಡವರೂ ಜೀನೆ ತಿರುಗಿಸಲಾರರು.

ಅಳತೆಯ ಬಗ್ಗೆ ಎರಡು ಲೆಕ್ಕ ಹೇಳುತ್ತೇನೆ, ಹಳೇ ಮಾಸ್ತರನ ಚಟ. ಪೆಟ್ಟಿಗೆಯಲ್ಲಿ ಬರುವ ರೈಲು ಹೆಚ್ಚಾಗಿ ಎಚ್‌ಒ ಅಳತೆಯದು. ನಿಜದ 87ನೆಯ ಒಂದು ಪಾಲು, ಹಳಿಗಳ ನಡುವೆ 16.5 ಮಿ.ಮೀ. ಅದರ ಸಣ್ಣ ತಿರುವಿಗೇ ಸಾಮಾನ್ಯವಾಗಿ 18 ಇಂಚು ತ್ರಿಜ್ಯ ಬೇಕು. ದುಂಡಗೆ ಸುತ್ತಿಸಲು ಹೋದರೆ ಮೂರೂವರೆ ಅಡಿ ಅಗಲದ ಹಲಗೆಯಾಗುತ್ತದೆ. ಇಡೀ ಎಕ್ಸ್‌ಪ್ರೆಸ್ ಗಾಡಿ ಬೇಕೆಂದರೆ ಕೇಳಿ: ಈಗಿನ ಒಂದು ಡಬ್ಬಿ ಸುಮಾರು 24 ಮೀಟರ್, ಮಾದರಿಯಲ್ಲಿ 27 ಸೆಂ.ಮೀ. ಮೇಲೆ. ಹದಿನೆಂಟು ಡಬ್ಬಿ ಕೂಡಿಸಿದರೆ ಐದು ಮೀಟರ್! ನಿಮ್ಮ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಗಾಡಿಯೇ ಆಯಿತು, ಓಡಲು ಜಾಗವೆಲ್ಲಿ? ಆದ್ದರಿಂದ ಸುತ್ತುವ ರೈಲಿನ ಆಸೆ ಬಿಡಿ. ಮಾಲಗಾಡಿಯ ಯಾರ್ಡು ಮಾಡಿ.

ಇಂಗ್ಲೆಂಡಿನ ಅಲನ್ ರೈಟ್ ಎಂಬವರು ಕಟ್ಟಿದ ಇಂಗಲ್‌ನುಕ್ ಎಂಬ ಪುಟ್ಟ ಯಾರ್ಡಿದೆ. ಹಳಿ ಕವಲೊಡೆಯುವ ಎರಡು ಪಾಯಿಂಟು, ಮೂರು ಕವಲು. ಉದ್ದನೆಯ ಕವಲಿಗೆ ಐದು ವ್ಯಾಗನ್, ಉಳಿದೆರಡಕ್ಕೆ ಮೂರು ಮೂರು. ಮುಂದಿನ ತುದಿಯಲ್ಲಿ ಎಂಜಿನ್ನು ಮತ್ತು ಮೂರು ವ್ಯಾಗನ್ ನಿಲ್ಲುವಷ್ಟು ಹಳಿ. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಐದರ ಸರದಿ ತೀರ್ಮಾನಿಸುವುದು, ಹಿಂದೆ ಮುಂದೆ ತಳ್ಳಿ ಅದೇ ಸರದಿಯಲ್ಲಿ ಗಾಡಿ ಕಟ್ಟುವುದು. ಇಷ್ಟೇ ಆಟ. ಎಂಟರಲ್ಲಿ ಐದನ್ನು ಸರದಿಯಲ್ಲಿ ಆರಿಸುವ ಬಗೆ 6,720. ನಿಮ್ಮ ಮಗ ದಿನಕ್ಕೊಂದು ಕಟ್ಟಿದರೂ ಹದಿನೆಂಟು ವರ್ಷಕ್ಕೆ ಸಾಕು. ಸುತ್ತಿ ಸುತ್ತಿ ಓಡುವ ಗಾಡಿ ಹದಿನೈದು ದಿನಕ್ಕೆ ಬೇಸರ ತರುತ್ತದೆ, ಇದು ತರುವುದಿಲ್ಲ. ನನ್ನ ಎರಡು ಹಲಗೆಯ ಆರಡಿ ಉದ್ದದಲ್ಲಿ ಇಡೀ ಯಾರ್ಡು ಕೂಡುತ್ತದೆ.

ಆ ಎಂಟು ವ್ಯಾಗನ್ ಯಾವುವಾಗಿರಲಿ? 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಲಾತೂರ ನೀರಿಲ್ಲದೆ ಬಾಯಾರಿದಾಗ ಮೀರಜದಿಂದ ಸುಮಾರು 340 ಕಿ.ಮೀ. ದೂರ ನೀರು ಹೊತ್ತು ಬಂದ ಜಲದೂತ ಗಾಡಿ. ಮೊದಲ ಸಲ ಹತ್ತು ವ್ಯಾಗನ್ನಿನಲ್ಲಿ ಐದು ಲಕ್ಷ ಲೀಟರ್. ಮುಂದೆ ಐವತ್ತು ವ್ಯಾಗನ್. ನಮ್ಮ ಮಕ್ಕಳು ಕಟ್ಟಬೇಕಾದ ರೈಲು ಅದು, ಸ್ವಿಟ್ಜರ್ಲೆಂಡಿನ ಹಿಮದ ರೈಲಲ್ಲ. ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯಲ್ಲೇ ಆಗುತ್ತದೆ: ನಳದ ಕೆಲಸದ ಒಂದಿಂಚಿನ ಪಿವಿಸಿ ಪೈಪಿನ ಹೊರಮೈ ಸುಮಾರು 33 ಮಿ.ಮೀ.; 14 ಸೆಂ.ಮೀ.ಗೊಂದರಂತೆ ಕತ್ತರಿಸಿ, ಎರಡೂ ತುದಿಗೆ ರಟ್ಟು ಅಂಟಿಸಿ ಬಣ್ಣ ಬಳಿದರೆ ಎಚ್‌ಒ ಗಾಡಿಗೆ ಕಣ್ಣಿಗೊಪ್ಪುವ ಟ್ಯಾಂಕು. ಕೆಳಗಿನ ಚಕ್ರದ ಚೌಕಟ್ಟು ಮಾತ್ರ ಕೊಳ್ಳಬೇಕು.

ಹಳೆಯದು ಬೇಕೆನ್ನುವವರಿಗೆ ಬಾರ್ಶಿ ಲೈಟ್ ರೈಲ್ವೆ ಇದೆ. ಎವರಾರ್ಡ್ ಕ್ಯಾಲ್‌ಥ್ರಾಪ್ 1897ರಲ್ಲಿ ಬಾರ್ಶಿಗೆ ಓಡಿಸಿ, 1911ರ ಹೊತ್ತಿಗೆ ಲಾತೂರಕ್ಕೆ ಮುಟ್ಟಿಸಿದ ಸಣ್ಣ ಹಳಿ. ಪಂಢರಪುರದ ವಾರಕರಿಗಳನ್ನು ಹೊತ್ತ ಗಾಡಿ ಅದು. ನಿಮ್ಮ ಮುತ್ಯಾ, ಆಯಿ ಅದರಲ್ಲಿ ಕೂತಿರಲಿಕ್ಕೂ ಸಾಕು, ಕೇಳಿ ನೋಡಿ. ಆ ಹಳಿಯ ಅಗಲ 762 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 8.8. ಎನ್ ಎಂಬ ಇನ್ನೂ ಸಣ್ಣ ಅಳತೆಯ ರೈಲಿಗೆ ಮಾರುವ ಹಳಿ 9 ಮಿ.ಮೀ. ಅಂದರೆ ಎಚ್‌ಒ ಎತ್ತರದ ಮನುಷ್ಯರು, ಮನೆಗಳು, ಹುಣಸೆಮರಗಳ ನಡುವೆ ಎನ್ ಹಳಿ ಹಾಕಿದರೆ ಬಾರ್ಶಿ ರೈಲಾಯಿತು. ತಿರುವೂ ಬಿಗಿ, ಜಾಗವೂ ಕಡಿಮೆ. ನಮ್ಮ ಬ್ರಾಡ್‌ಗೇಜಿಗೆ ಈ ಭಾಗ್ಯವಿಲ್ಲ. 1,676ನ್ನು 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ, ಅಂಗಡಿಯ ಹಳಿ 16.5ರದೇ. ಯಾರಾದರೂ ಶಾಣ್ಯಾ ಮಾಮಾ ಬಂದು ಇದು ತಪ್ಪು ಅಂತ ಹುಡುಗನಿಗೆ ಹೇಳಿದರೆ, ಚಹಾ ಕೊಟ್ಟು ಕಳಿಸಿ.

ಎತ್ತಿಡುವ ರೈಲಿನ ಜೀವ ಇರುವುದು ಎರಡು ಹಲಗೆ ಕೂಡುವ ಜಾಗದಲ್ಲಿ. ಅಲ್ಲಿ ಕೂದಲೆಳೆ ತಪ್ಪಿದರೆ ಗಾಡಿ ಹಳಿ ತಪ್ಪುತ್ತದೆ. ನಾನು ಮಾಡುವ ರೀತಿ ಹೇಳುತ್ತೇನೆ. ಎರಡೂ ಹಲಗೆಯನ್ನು ಸಮ ಮಾಡಿ ಒತ್ತಿ ಹಿಡಿದು, ಬದಿಗಳಿಗೆ ಎರಡು ಬಿಜಾಗರಿ ಹೊಡೆಯುವುದು. ಕಡ್ಡಿ ಕಳಚಲು ಬರುವಂಥ ಬಿಜಾಗರಿ. ಕಡ್ಡಿ ಹಾಕಿದರೆ ಹಲಗೆ ಕೂಡಿತು, ತೆಗೆದರೆ ಬೇರೆಯಾಯಿತು. ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಕೂಡುತ್ತದೆ. ಕೂಡುವ ಗೆರೆಯ ಆಚೆ ಈಚೆ, ಹಳಿಯ ಕೆಳಗೆ ಬರುವಂತೆ ನಾಲ್ಕು ಹಿತ್ತಾಳೆ ಸ್ಕ್ರೂ ಇಳಿಸುವುದು. ಅದರ ಮೇಲೆ ಒಂದೇ ಅಖಂಡ ಹಳಿ ಹಾಯಿಸಿ, ಸ್ಕ್ರೂ ತಲೆಗೆ ಬೆಸುಗೆ ಹಾಕುವುದು. ಬೆಸುಗೆ ಆರಿದ ಮೇಲೆ ತೆಳ್ಳನೆಯ ಗರಗಸದಿಂದ ಸರಿಯಾಗಿ ಆ ಗೆರೆಯ ಮೇಲೆ ಹಳಿ ಕೊಯ್ಯುವುದು. ಕೊಯ್ಯುವಾಗ ಮಗು ಕಣ್ಣು ಮುಚ್ಚಿಕೊಳ್ಳುತ್ತದೆ, ಪರವಾಗಿಲ್ಲ. ಬೆಸುಗೆ ಕಡ್ಡಿ ಮಾತ್ರ ದೊಡ್ಡವರ ಕೈಯಲ್ಲಿರಲಿ. ಟ್ರಾನ್ಸ್‌ಫಾರ್ಮರು ಹಲಗೆಯ ಮೇಲೆ ಬೇಡ, ಗೋಡೆಯ ಸ್ವಿಚ್ ಬೋರ್ಡಿನ ಹತ್ತಿರ ಇರಲಿ. ಹಳಿಗೆ ಬರುವುದು 12 ವೋಲ್ಟ್, ಗೋಡೆಯಿಂದ ಬರುವುದು 230.

ನಮ್ಮ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಪತ್ರಾಸಿನ ಕೋಣೆಯಲ್ಲಿ ನಸುಕಿಗೂ ಮಧ್ಯಾಹ್ನಕ್ಕೂ 25 ಡಿಗ್ರಿ ಅಂತರ ಬಂದರೆ ಒಂದು ಮೀಟರ್ ಹಳಿ ಸುಮಾರು 0.4 ಮಿ.ಮೀ. ಬೆಳೆಯುತ್ತದೆ. ಮೂರಡಿಗೊಮ್ಮೆ ಕೊಯ್ದ ಹಳಿಗೆ ಉಸಿರಾಡಲು ಅಷ್ಟು ಜಾಗ ತಾನಾಗಿ ಸಿಗುತ್ತದೆ. ಉದ್ದಕ್ಕೆ ಬಿಗಿದ ಖಾಯಂ ಹಳಿ ಬಿಡುವಿಲ್ಲದಿದ್ದರೆ ಹೊಟ್ಟೆ ಉಬ್ಬಿಸುತ್ತದೆ. ಧೂಳಿಗೂ ಹಲಗೆಯೇ ಮೇಲು, ಹಳೇ ಸೀರೆಯಲ್ಲಿ ಸುತ್ತಿಟ್ಟರಾಯಿತು.

ಗುಡ್ಡಕ್ಕೆ ಥರ್ಮಾಕೋಲು ಬೇಡ. 2018ರಿಂದ ಮಹಾರಾಷ್ಟ್ರದಲ್ಲಿ ಅಲಂಕಾರದ ಥರ್ಮಾಕೋಲಿಗೆ ನಿಷೇಧವಿದೆ, ಮೇಲಾಗಿ ಅದು ಹೊತ್ತೊಯ್ಯುವಾಗ ಪುಡಿಯಾಗುತ್ತದೆ. ನೆನೆಸಿದ ರದ್ದಿ ಕಾಗದದ ಮುದ್ದೆ ಹಗುರ, ಗಟ್ಟಿ. ನಿಮ್ಮ ಹೊಲದ ಎರೆಮಣ್ಣನ್ನು ಹಂಚಿನ ಮೇಲೆ ಹುರಿದು, ಚಹಾ ಸೋಸುವ ಜಾಲಿಯಲ್ಲಿ ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲಿನ ಮೇಲೆ ಉದುರಿಸಿ. ತೊಗರಿ ಕಟ್ಟಿಗೆಯ ತುದಿಕವಲುಗಳು ಜಾಲಿಮರವಾಗುತ್ತವೆ.

ಇಷ್ಟು ಮಾಡಿದ ರೈಲು ಹೊರಬರುವುದು ಯಾವಾಗ? ಮಹಾಲಕ್ಷ್ಮಿಯರ ಮುಂದೆ ನಾವು ಮೆಟ್ಟಿಲು ಕಟ್ಟಿ ಆಟಿಕೆ ಜೋಡಿಸುತ್ತೇವಲ್ಲ, ಆ ಮೂರು ದಿನ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ನೆರೆಮನೆಯವರು ಅರಿಶಿನ-ಕುಂಕುಮಕ್ಕೆ ಬಂದಾಗ ಮಗು ಗಾಡಿ ಕಟ್ಟಿ ತೋರಿಸಲಿ. ಮೇಲಿನ ಕೋಣೆಯ ಖಾಯಂ ರೈಲನ್ನು ನೋಡಲು ಯಾರು ಜೀನೆ ಹತ್ತುತ್ತಾರೆ?

ಕಡೆಯದಾಗಿ ನಿಮ್ಮಲ್ಲಿ ಎರಡು ಬೇಡಿಕೆ. ಅಮೆರಿಕದ ಎನ್‌ಟ್ರ್ಯಾಕ್ ಕೂಟದವರು 1970ರ ದಶಕದಲ್ಲೇ ಹಲಗೆಯ ಅಂಚಿಗೊಂದು ನಿಯಮ ಮಾಡಿಕೊಂಡರು. ಎಲ್ಲಿಂದ ಯಾರು ತಂದ ಹಲಗೆಯೂ ಪಕ್ಕದವರದಕ್ಕೆ ಕೂಡಬೇಕು. ನಾವೂ ಮೂರು ಊರಿನವರು ಒಂದು ನಿಯಮ ಒಪ್ಪಿಕೊಳ್ಳೋಣ. ನನ್ನ ಸೂಚನೆ: ಎಚ್‌ಒ ಹಳಿ, ಹಲಗೆಯ ಅಗಲ 15 ಇಂಚು, ಮುಂದಿನ ಅಂಚಿನಿಂದ ಹಳಿಯ ನಡುವಿಗೆ 5 ಇಂಚು, ನೆಲದಿಂದ ಎತ್ತರ 30 ಇಂಚು, ಅಂಚಿನಿಂದ 2 ಇಂಚು ಬಿಟ್ಟು ಬಿಜಾಗರಿ. ಇದಕ್ಕಿಂತ ಉತ್ತಮವಾದದ್ದು ನಿಮಗೆ ತೋಚಿದರೆ ಅದೇ ಆಗಲಿ, ಆದರೆ ಒಂದೇ ಆಗಲಿ. ಆಗ ದೀಪಾವಳಿ ಸುಟ್ಟಿಯಲ್ಲಿ ಯಾವುದಾದರೂ ಶಾಲೆಯ ಸಭಾಗೃಹ ಕೇಳಿ ಪಡೆದು, ಉಮರ್ಗಾದ ಹಲಗೆ, ನಿಲಂಗಾದ ಹಲಗೆ, ಉದಗೀರದ ಹಲಗೆ ಕೂಡಿಸಿ ಗಾಡಿ ಬಿಡಬಹುದು. ಶಾಲೆಯವರನ್ನು ಕೇಳುವ ಕೆಲಸ ಪಾಲಕರು ಮಾಡಿದರೆ ಆಗುತ್ತದೆ, ಮಕ್ಕಳು ಕೇಳಿದರೆ ಆಗುವುದಿಲ್ಲ.

ಎರಡನೆಯದು: ಒಂಬತ್ತನೆಯ ಇಯತ್ತೆ ಬಂತೆಂದು ರೈಲನ್ನು ಕಪಾಟಿಗೆ ಹಾಕಿ ಕೀಲಿ ಜಡಿಯಬೇಡಿ. ಭಾನುವಾರ ಒಂದು ತಾಸು ಗಾಡಿ ಕಟ್ಟಿದ್ದಕ್ಕೆ ಯಾರ ಅಂಕವೂ ಇಳಿದದ್ದನ್ನು ನನ್ನ ನೌಕರಿಯಲ್ಲಿ ಕಂಡಿಲ್ಲ. ಹಲಗೆ ಮಂಚದ ಕೆಳಗಿರಲಿ, ಬಿಜಾಗರಿಯ ಕಡ್ಡಿಗಳು ಮಗುವಿನ ಕಂಪಾಸ ಪೆಟ್ಟಿಗೆಯಲ್ಲಿರಲಿ.

ಬಿಜಾಗರಿ ಹೊಡೆಯುವುದು, ಬೆಸುಗೆ ಹಾಕುವುದು ನೋಡಬೇಕೆನ್ನುವವರು ಮಕ್ಕಳನ್ನು ಕರೆದುಕೊಂಡು ನನ್ನ ಮನೆಗೆ ಬರಬಹುದು. ಬರುವಾಗ ಹಲಗೆಯ ಅಳತೆ ಬರೆದುಕೊಂಡು ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಉದಗೀರ, ಜಿಲ್ಲಾ ಲಾತೂರ